ಬ್ರಾ ಸರಿಯಾಗಿ ಹೊಂದುತ್ತಿದೆಯೇ? ಕನ್ನಡಿ ಮುಂದೆ ನಿಂತು ನೀವೇ ನೋಡಿಕೊಳ್ಳಿ

ಪ್ರತಿ ಬೇಸಿಗೆಯಲ್ಲೂ ಒಂದು ವಾಟ್ಸ್‌ಆ್ಯಪ್ ಸಂದೇಶ ಸುತ್ತು ಹೊಡೆಯುತ್ತದೆ. ಕಪ್ಪು ಬ್ರಾ ಹಾಕಿ ಬಿಸಿಲಿಗೆ ಹೋದರೆ ಸ್ತನ ಕ್ಯಾನ್ಸರ್ ಬರುತ್ತದೆ, ತಂತಿ ಇರುವ ಬ್ರಾ ಅಪಾಯ, ರಾತ್ರಿ ಬ್ರಾ ಹಾಕಿ ಮಲಗಬಾರದು ಎಂದೆಲ್ಲ ಅದರಲ್ಲಿ ಇರುತ್ತದೆ. ಕೆಳಗೆ ಯಾವುದೋ ದೊಡ್ಡ ಆಸ್ಪತ್ರೆಯ ಹೆಸರು, ಕೊನೆಗೆ "ನಿಮಗೆ ಗೊತ್ತಿರುವ ಎಲ್ಲ ಹೆಣ್ಣುಮಕ್ಕಳಿಗೂ ಕಳುಹಿಸಿ" ಎಂಬ ಮನವಿ.

ಈ ಮೂರೂ ಮಾತುಗಳಿಗೆ ವೈಜ್ಞಾನಿಕ ಆಧಾರವಿಲ್ಲ. ಆದರೆ ಬ್ರಾದಿಂದ ತೊಂದರೆಯೇ ಆಗುವುದಿಲ್ಲ ಎಂದಲ್ಲ. ಭುಜದ ಮೇಲೆ ಬೀಳುವ ಗುಂಡಿಗಳು, ಸಂಜೆಯ ಹೊತ್ತಿಗೆ ಕತ್ತು ನೋವು, ಸ್ತನದ ಕೆಳಗೆ ತುರಿಕೆ, ಕಂಕುಳ ಬಳಿ ಉಜ್ಜಿದ ಗಾಯ, ಓಡಲು ಮುಜುಗರ. ಇವು ಎಷ್ಟೋ ಮನೆಗಳಲ್ಲಿ ನಿಜವಾಗಿಯೂ ಇರುವ ತೊಂದರೆಗಳು. ಕಾರಣ ಬಣ್ಣವಲ್ಲ, ಅಳತೆ. "ಬ್ರಾ ಅಂದ್ರೆ ಹೀಗೇ ಇರೋದು" ಎಂದುಕೊಂಡು ವರ್ಷಗಟ್ಟಲೆ ಸಹಿಸಿಕೊಳ್ಳುವವರೇ ಹೆಚ್ಚು. ಹಾಗೆ ಸಹಿಸಬೇಕಾಗಿಲ್ಲ.

ಚಿಕ್ಕದಾಗಿ ಹೇಳುವುದಾದರೆ

- ಬ್ರಾದ ಭಾರ ಹೊರಬೇಕಾದದ್ದು ಎದೆಯ ಸುತ್ತ ಬರುವ ಕೆಳಪಟ್ಟಿ. ಭುಜದ ಪಟ್ಟಿಗಳಲ್ಲ.
- ಚೀಟಿಯ ಮೇಲಿನ 34, 36 ಎಂಬ ಸಂಖ್ಯೆ ಬರೀ ಅಂದಾಜು. ಕಂಪನಿ ಬದಲಾದರೆ ಅಳತೆಯೂ ಬದಲಾಗಬಹುದು.
- ಕೆಳಪಟ್ಟಿ, ಕಪ್, ಅಂಚು ಅಥವಾ ತಂತಿ, ನಡುಭಾಗ, ಭುಜದ ಪಟ್ಟಿ: ಈ ಐದನ್ನು ನೋಡಿದರೆ ಸರಿಯಿದೆಯೋ ಇಲ್ಲವೋ ತಿಳಿಯುತ್ತದೆ.
- ಬ್ರಾದಿಂದ ಕ್ಯಾನ್ಸರ್ ಬರುವುದಿಲ್ಲ. ಆದರೆ ಸ್ತನದಲ್ಲಿ ಗಂಟು ಕಂಡರೆ ಬ್ರಾ ಬದಲಿಸಿ ಕಾಯಬೇಡಿ, ವೈದ್ಯರಿಗೆ ತೋರಿಸಿ.

ಕೆಳಪಟ್ಟಿಗೆ ಏಕೆ ಇಷ್ಟು ಮಹತ್ವ?

ಸ್ತನದಲ್ಲಿ ಮೂಳೆಯೂ ಇಲ್ಲ, ಸ್ನಾಯುವೂ ಇಲ್ಲ. ಕೊಬ್ಬು, ಹಾಲಿನ ಗ್ರಂಥಿಗಳು, ಅವುಗಳ ನಡುವೆ ತೆಳುವಾದ ನಾರಿನಂಥ ಎಳೆಗಳು ಇರುತ್ತವೆ. ಒಳಗಿನ ಈ ಎಳೆಗಳಿಗೆ 'ಕೂಪರ್ ಅಸ್ಥಿರಜ್ಜು'ಗಳೆಂದು ಹೆಸರು. ಇವು ಮತ್ತು ಮೇಲಿನ ಚರ್ಮ ಎರಡೇ ಸ್ತನಕ್ಕೆ ಇರುವ ಆಧಾರ. ನಡೆದಾಗ, ಓಡಿದಾಗ ಸ್ತನ ಮೇಲೆ ಕೆಳಗೆ ಮಾತ್ರವಲ್ಲ, ಅಕ್ಕಪಕ್ಕಕ್ಕೂ ಹಿಂದಕ್ಕೆ ಮುಂದಕ್ಕೂ ಅಲುಗುತ್ತದೆ. ಈ ಅಲುಗಾಟವನ್ನು ತಗ್ಗಿಸಿ, ಭಾರವನ್ನು ಪಕ್ಕೆಲುಬಿನ ಗೂಡಿಗೆ ವರ್ಗಾಯಿಸುವುದೇ ಬ್ರಾದ ಕೆಲಸ.

ತಲೆಯ ಮೇಲೆ ಕೊಡ ಹೊರುವವರು ಸಿಂಬಿ ಇಟ್ಟುಕೊಳ್ಳುವುದನ್ನು ನೆನಪಿಸಿಕೊಳ್ಳಿ. ಭಾರ ಒಂದೇ ಕಡೆ ಒತ್ತದೆ ಸುತ್ತಲೂ ಹಂಚಿಹೋಗುತ್ತದೆ. ಎದೆಯ ಸುತ್ತ ಬರುವ ಕೆಳಪಟ್ಟಿಯೂ ಹಾಗೆಯೇ. ಅದು ಸಡಿಲವಾದರೆ ಭಾರವೆಲ್ಲ ಭುಜದ ಮೇಲಿನ ಎರಡು ಸಣ್ಣ ಪಟ್ಟಿಗಳಿಗೆ ಬೀಳುತ್ತದೆ. ನಾವು ಏನು ಮಾಡುತ್ತೇವೆ? ಭುಜದ ಪಟ್ಟಿಯನ್ನು ಇನ್ನಷ್ಟು ಬಿಗಿ ಮಾಡುತ್ತೇವೆ. ಅದು ಬೆನ್ನಿನ ಕಡೆ ಕೆಳಪಟ್ಟಿಯನ್ನು ಮೇಲಕ್ಕೆ ಎಳೆಯುತ್ತದೆ, ಮುಂದೆ ಸ್ತನ ಕೆಳಕ್ಕೆ ಜಾರುತ್ತದೆ, ಭುಜದಲ್ಲಿ ಗುಂಡಿ ಬೀಳುತ್ತದೆ. ಭುಜ ನೋಯುತ್ತಿದ್ದರೂ ತಪ್ಪು ಇರುವುದು ಬೆನ್ನಿನ ಪಟ್ಟಿಯಲ್ಲಿ.

ಐದು ಕಡೆ ನೋಡಿ

ಕೋಣೆಯ ಬಾಗಿಲು ಹಾಕಿಕೊಂಡು, ದಿನಾ ಹಾಕುವ ಬ್ರಾ ಧರಿಸಿ ಕನ್ನಡಿ ಮುಂದೆ ನಿಲ್ಲಿ. ಮೊದಲು ಸ್ವಲ್ಪ ಮುಂದಕ್ಕೆ ಬಾಗಿ, ಕಂಕುಳ ಕಡೆ ಉಳಿದ ಭಾಗವನ್ನೂ ಕೈಯಿಂದ ಮೆಲ್ಲಗೆ ಕಪ್ಪಿನೊಳಗೆ ಸೇರಿಸಿ, ಆಮೇಲೆ ನೆಟ್ಟಗೆ ನಿಲ್ಲಿ. ಇದನ್ನು ಮಾಡದಿದ್ದರೆ ಚಿಕ್ಕ ಕಪ್ ಕೂಡ ಸರಿಯಾಗಿದೆ ಎಂದೇ ಅನ್ನಿಸುತ್ತದೆ.

1. ಕೆಳಪಟ್ಟಿ. ಪಕ್ಕಕ್ಕೆ ತಿರುಗಿ ನೋಡಿ. ಪಟ್ಟಿ ಮುಂದೆ ಮತ್ತು ಹಿಂದೆ ಒಂದೇ ಮಟ್ಟದಲ್ಲಿ ಇರಬೇಕು. ಬೆನ್ನಲ್ಲಿ ಕಮಾನಿನಂತೆ ಮೇಲಕ್ಕೆ ಏರಿದ್ದರೆ ಸಡಿಲವಾಗಿದೆ. ಹಿಂದೆ ಪಟ್ಟಿಯ ಕೆಳಗೆ ಎರಡು ಬೆರಳು ತೂರಬೇಕು. ಇಡೀ ಕೈ ಹೋದರೆ ಸಡಿಲ. ಒಂದು ಬೆರಳೂ ಹೋಗದಿದ್ದರೆ, ಉಸಿರು ಎಳೆದಾಗ ಕಟ್ಟಿದಂತಾದರೆ ಬಿಗಿ. ಎರಡೂ ಕೈ ಮೇಲೆತ್ತಿ ನೋಡಿ: ಪಟ್ಟಿ ಸ್ತನದ ಮೇಲಕ್ಕೆ ಸರಿದರೆ ಸಡಿಲ ಎಂಬುದು ಖಚಿತ.

2. ಕಪ್. ಮೇಲಿನ ಅಂಚಿನಲ್ಲಿ ಅಥವಾ ಕಂಕುಳ ಬಳಿ ಸ್ತನ ಉಕ್ಕಿ ಹೊರಬಂದು, ಬ್ಲೌಸಿನ ಮೇಲೆ ಎರಡು ಉಬ್ಬು ಕಂಡರೆ ಕಪ್ ಚಿಕ್ಕದು. ಬಟ್ಟೆ ಸುಕ್ಕುಗಟ್ಟಿ ಖಾಲಿ ಉಳಿದರೆ ಕಪ್ ದೊಡ್ಡದು, ಇಲ್ಲವೇ ಆ ಆಕಾರ ನಿಮಗೆ ಹೊಂದುವುದಿಲ್ಲ.

3. ತಂತಿ ಅಥವಾ ಕೆಳ ಅಂಚು. ತಂತಿ ಸ್ತನ ಮುಗಿಯುವ ಮಡಿಕೆಯಲ್ಲಿ, ಪಕ್ಕೆಲುಬಿನ ಮೇಲೆ ಕೂರಬೇಕು. ಕಂಕುಳ ಕಡೆಯ ತುದಿಯನ್ನು ಬೆರಳಿನಿಂದ ಒತ್ತಿ. ಕೆಳಗೆ ಗಟ್ಟಿ ಮೂಳೆ ಸಿಕ್ಕರೆ ಸರಿ. ಮೆತ್ತಗಿನ ಭಾಗ ಸಿಕ್ಕರೆ ತಂತಿ ಸ್ತನವನ್ನೇ ಒತ್ತುತ್ತಿದೆ, ದೊಡ್ಡ ಕಪ್ ಬೇಕು. ತಂತಿ ಇಲ್ಲದ ಬ್ರಾಗಳಲ್ಲೂ ಕೆಳಗಿನ ಹೊಲಿಗೆ ಇದೇ ಮಡಿಕೆಯಲ್ಲಿ ಇರಬೇಕು.

4. ನಡುಭಾಗ. ಎರಡು ಕಪ್ ಸೇರುವ ಜಾಗ ಎದೆಮೂಳೆಗೆ ತಾಗಿಕೊಂಡಿರಬೇಕು. ಅಂತರ ಬಿಟ್ಟು ನಿಂತಿದ್ದರೆ ಸಾಮಾನ್ಯವಾಗಿ ಕಪ್ ಚಿಕ್ಕದಾಗಿದೆ ಎಂದರ್ಥ. ತಂತಿ ಇಲ್ಲದ ಮೆತ್ತನೆಯ ಬ್ರಾಗಳಿಗೆ ಈ ನಿಯಮ ಪೂರ್ತಿ ಅನ್ವಯಿಸುವುದಿಲ್ಲ.

5. ಭುಜದ ಪಟ್ಟಿ. ಒಂದೆರಡು ಬೆರಳು ಸಲೀಸಾಗಿ ತೂರಬೇಕು. ಈಗ ಎರಡೂ ಪಟ್ಟಿಗಳನ್ನು ಭುಜದಿಂದ ಇಳಿಸಿಬಿಡಿ. ಬ್ರಾ ಸ್ವಲ್ಪ ಹೊತ್ತು ತನ್ನ ಜಾಗದಲ್ಲೇ ನಿಂತರೆ ಕೆಳಪಟ್ಟಿ ತನ್ನ ಕೆಲಸ ಮಾಡುತ್ತಿದೆ. ತಕ್ಷಣ ಕುಸಿದರೆ ಇಷ್ಟು ದಿನ ನಿಮ್ಮ ಭುಜವೇ ಆ ಭಾರ ಹೊತ್ತಿದೆ.

ಕೊನೆಯದಾಗಿ ಕೂತು, ಎದ್ದು, ಬಾಗಿ, ನಾಲ್ಕು ಹೆಜ್ಜೆ ನಡೆದು ನೋಡಿ. ಪ್ರತಿ ಬಾರಿಯೂ ಬ್ರಾ ಎಳೆದು ಸರಿಪಡಿಸಿಕೊಳ್ಳಬೇಕು ಅನ್ನಿಸಿದರೆ ಅದು ನಿಮ್ಮ ಅಳತೆಯದಲ್ಲ.

ಒಂದು ಸ್ತನ ಇನ್ನೊಂದಕ್ಕಿಂತ ಸ್ವಲ್ಪ ದೊಡ್ಡದಿರುವುದು ತುಂಬ ಸಾಮಾನ್ಯ. ಅದಕ್ಕೆ ಗಾಬರಿ ಬೇಡ. ದೊಡ್ಡ ಕಡೆಗೆ ಹೊಂದುವ ಕಪ್ ಆರಿಸಿ, ಇನ್ನೊಂದು ಕಡೆಯ ಭುಜದ ಪಟ್ಟಿಯನ್ನು ಸ್ವಲ್ಪ ಬಿಗಿ ಮಾಡಿಕೊಂಡರೆ ಸಾಕು. ಇತ್ತೀಚೆಗೆ ಹೊಸದಾಗಿ ವ್ಯತ್ಯಾಸ ಕಾಣಿಸಿಕೊಂಡಿದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು.

34 ಎಂದರೆ ಏನು?

"ನಿಮ್ಮ ಸೈಜ್ ಎಷ್ಟು?" ಎಂದರೆ ನಮ್ಮಲ್ಲಿ ಬಹುತೇಕರು ಒಂದೇ ಸಂಖ್ಯೆ ಹೇಳುತ್ತಾರೆ: 34, 36. ಅದು ಅರ್ಧ ಅಳತೆ ಮಾತ್ರ. ಸಂಖ್ಯೆ ಕೆಳಪಟ್ಟಿಯದು. ಪಕ್ಕದ ಎ, ಬಿ, ಸಿ, ಡಿ ಅಕ್ಷರ ಕಪ್ಪಿನದು. ಎದೆಯ ತುಂಬು ಭಾಗದ ಸುತ್ತಳತೆಗೂ ಕೆಳಪಟ್ಟಿಯ ಅಳತೆಗೂ ಇರುವ ವ್ಯತ್ಯಾಸ ಹೆಚ್ಚಿದಂತೆ ಅಕ್ಷರ ಮುಂದೆ ಹೋಗುತ್ತದೆ. ಸಾಮಾನ್ಯವಾಗಿ ಒಂದು ಇಂಚಿಗೆ ಒಂದು ಅಕ್ಷರ.

ಇಲ್ಲೊಂದು ತಪ್ಪು ತಿಳಿವಳಿಕೆಯಿದೆ. 'ಡಿ ಕಪ್' ಎಂದರೆ ದೊಡ್ಡ ಸ್ತನ ಎಂದುಕೊಳ್ಳುತ್ತೇವೆ. ಹಾಗೇನಿಲ್ಲ. ಕೆಳಪಟ್ಟಿ ಬದಲಾದರೆ ಅದೇ ಅಕ್ಷರದ ಕಪ್ಪಿನ ಗಾತ್ರವೂ ಬದಲಾಗುತ್ತದೆ. 32ಡಿ, 34ಸಿ, 36ಬಿ ಈ ಮೂರರ ಕಪ್ಪಿನಲ್ಲಿ ಹಿಡಿಯುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಇವನ್ನು ಅಕ್ಕತಂಗಿ ಅಳತೆಗಳು ಎಂದು ಕರೆಯಬಹುದು. ಕಪ್ ಸರಿಯಿದ್ದು ಪಟ್ಟಿ ಸಡಿಲವಾಗಿದ್ದರೆ ಸಂಖ್ಯೆಯಲ್ಲಿ ಒಂದು ಅಳತೆ ಕೆಳಗೆ, ಅಕ್ಷರದಲ್ಲಿ ಒಂದು ಮೇಲೆ ಹೋಗಬೇಕು. ಪಟ್ಟಿ ಬಿಗಿಯಾಗಿದ್ದರೆ ಇದಕ್ಕೆ ವಿರುದ್ಧ. ಅಂದರೆ 36ಬಿಯ ಪಟ್ಟಿ ಸಡಿಲವಾದರೆ 34ಸಿ ಹಾಕಿ ನೋಡಿ, ಬಿಗಿಯಾದರೆ 38ಎ.

ಅಂಗಡಿಯಲ್ಲಿ ಆಗುವುದೇ ಬೇರೆ. ಕಪ್ ಸಾಲದು ಎಂದರೆ "ಹಾಗಾದ್ರೆ 36 ತಗೊಳ್ಳಿ ಮೇಡಂ" ಎನ್ನುತ್ತಾರೆ. 34ಬಿ ಬಿಟ್ಟು 36ಬಿ ಮನೆಗೆ ಬರುತ್ತದೆ. ಕಪ್ ಸಾಕಾಗುತ್ತದೆ, ಪಟ್ಟಿ ಸಡಿಲವಾಗುತ್ತದೆ, ಭುಜ ನೋವು ಶುರುವಾಗುತ್ತದೆ. ಅವರಿಗೆ ಬೇಕಾಗಿದ್ದದ್ದು 34ಸಿ.

ಇನ್ನೊಂದು ಗೊಂದಲ ಸಂಖ್ಯೆಯದೇ. ಇಲ್ಲಿನ ಪೆಟ್ಟಿಗೆಗಳ ಮೇಲೆ 34ರ ಪಕ್ಕ 85 ಸೆಂ.ಮೀ. ಎಂದು ಇರುವುದನ್ನು ನೋಡಿರಬಹುದು. ಯುರೋಪಿನ ಪಟ್ಟಿಯಲ್ಲಿ ಅದೇ 34ಕ್ಕೆ 75 ಎಂಬ ಗುರುತಿದೆ. ಸ್ತನದ ಕೆಳಗಿನ ಅಳತೆಗೆ 4 ಅಥವಾ 5 ಇಂಚು ಸೇರಿಸಿ ಸಂಖ್ಯೆ ಹೇಳುವುದು ಹಳೆಯ ಪದ್ಧತಿ. ಏನೂ ಸೇರಿಸದೆ ಅದೇ ಅಳತೆ ಹೇಳುವುದು ಹೊಸದು. ಎರಡೂ ಚಾಲ್ತಿಯಲ್ಲಿವೆ. ಹಾಗಾಗಿ ಒಂದು ಕಂಪನಿಯಲ್ಲಿ 34 ಆದವರು ಇನ್ನೊಂದರಲ್ಲಿ 32 ಅಥವಾ 36 ಆಗಬಹುದು. ದೇಹ ಬದಲಾಗಿಲ್ಲ, ಲೆಕ್ಕ ಬದಲಾಗಿದೆ.

ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ 45 ಮಹಿಳೆಯರ ಮೇಲೆ ಇದನ್ನೇ ಪರೀಕ್ಷಿಸಿದರು. ಹಳೆಯ ಟೇಪು ಪದ್ಧತಿ ಹೆಚ್ಚಿನವರಿಗೆ ಕೆಳಪಟ್ಟಿಯನ್ನು ಅಗತ್ಯಕ್ಕಿಂತ ದೊಡ್ಡದಾಗಿಯೂ ಕಪ್ಪನ್ನು ಚಿಕ್ಕದಾಗಿಯೂ ತೋರಿಸಿತು. ಟೇಪಿಗಿಂತ, ಬ್ರಾ ಹಾಕಿಕೊಂಡು ಮೇಲೆ ಹೇಳಿದಂಥ ಗುರುತುಗಳನ್ನು ನೋಡುವುದೇ ಮೇಲು ಎಂಬುದು ಅವರ ಸಲಹೆ.

ಮನೆಯಲ್ಲಿ ಅಳತೆ ತೆಗೆಯುವುದು

ಹೊಲಿಗೆಯ ಟೇಪು ಸಾಕು. ಪ್ಯಾಡ್ ಇಲ್ಲದ ತೆಳು ಬ್ರಾ ಹಾಕಿಕೊಂಡು ನಿಲ್ಲಿ.

- ಸ್ತನದ ಸರಿಯಾಗಿ ಕೆಳಗೆ ಟೇಪು ಸುತ್ತಿ, ಉಸಿರು ಬಿಟ್ಟು, ಸ್ವಲ್ಪ ಬಿಗಿಯಾಗಿ ಅಳೆಯಿರಿ.
- ಎದೆಯ ತುಂಬು ಭಾಗದಲ್ಲಿ ಟೇಪು ಸಡಿಲವಾಗಿ ಸುತ್ತಿ ಅಳೆಯಿರಿ. ಬೆನ್ನಿನಲ್ಲಿ ಟೇಪು ಜಾರದಂತೆ ನೋಡಿಕೊಳ್ಳಿ.
- ಎರಡನ್ನೂ ಸೆಂಟಿಮೀಟರಿನಲ್ಲಿ ಬರೆದಿಟ್ಟುಕೊಳ್ಳಿ. ಕೊಳ್ಳುವ ಕಂಪನಿಯ ಅಳತೆ ಪಟ್ಟಿಯಲ್ಲಿ ಈ ಎರಡು ಅಂಕಿಗಳಿಗೆ ಯಾವ ಸೈಜ್ ಎಂದು ನೋಡಿ.

ಬಂದದ್ದು ಅಂತಿಮ ಉತ್ತರವಲ್ಲ, ಎಲ್ಲಿಂದ ಶುರು ಮಾಡಬೇಕು ಎಂಬ ಸುಳಿವು. ಅದನ್ನು ಹಾಕಿ ನೋಡಿ, ಬೇಕಾದರೆ ಅಕ್ಕತಂಗಿ ಅಳತೆಗೆ ಸರಿಯಿರಿ.

ಕೊಳ್ಳುವಾಗ

ನಮ್ಮ ಎಷ್ಟೋ ಪೇಟೆಗಳಲ್ಲಿ ಬ್ರಾ ಕೊಳ್ಳುವುದೆಂದರೆ ಗಲ್ಲೆಯ ಆಚೆ ನಿಂತ ಗಂಡಸರಿಗೆ ಮೆಲ್ಲಗೆ ಒಂದು ಸಂಖ್ಯೆ ಹೇಳಿ, ಕಾಗದದಲ್ಲಿ ಸುತ್ತಿಕೊಟ್ಟದ್ದನ್ನು ಬೇಗ ಚೀಲಕ್ಕೆ ಹಾಕಿಕೊಳ್ಳುವುದು. ಹಾಕಿ ನೋಡಲು ಬಿಡುವುದಿಲ್ಲ, ಬದಲಾಯಿಸಿಕೊಡುವುದೂ ಇಲ್ಲ. ಹಾಗಾಗಿ:

- ಒಂದೇ ಬಾರಿ ಮೂರರ ಪ್ಯಾಕ್ ತರಬೇಡಿ. ಮೊದಲು ಒಂದು ತಂದು, ಒಂದು ದಿನ ಪೂರ್ತಿ ಹಾಕಿ ನೋಡಿ.
- ಬದಲಾಯಿಸಿಕೊಡುತ್ತಾರೆಯೇ ಎಂದು ಮೊದಲೇ ಕೇಳಿ. ಆನ್‌ಲೈನಿನಲ್ಲಿ ಆದರೆ ವಾಪಸಾತಿ ನಿಯಮ ಓದಿ. ಒಳಉಡುಪಿಗೆ ನಿಯಮ ಬೇರೆ ಇರುವುದುಂಟು.
- ಹೊಸ ಬ್ರಾ ಅತಿ ಸಡಿಲದ ಹುಕ್ಕಿನಲ್ಲೇ ಸರಿಹೊಂದಬೇಕು. ಎಲಾಸ್ಟಿಕ್ ಹಿಗ್ಗಿದಂತೆ ಒಳಗಿನ ಹುಕ್ಕುಗಳಿಗೆ ಹೋಗಬಹುದು. ಮೊದಲ ದಿನವೇ ಕೊನೆಯ ಬಿಗಿ ಹುಕ್ಕು ಹಾಕಬೇಕಾಗಿ ಬಂದರೆ ಆ ಬ್ರಾ ಬಹಳ ದಿನ ಬಾಳುವುದಿಲ್ಲ.
- ಅತಿ ಬಿಗಿ ಹುಕ್ಕಿನಲ್ಲೂ ಪಟ್ಟಿ ಬೆನ್ನಿಗೆ ಏರುತ್ತಿದ್ದರೆ ಹಳೆಯ ಬ್ರಾಗೆ ವಿದಾಯ ಹೇಳುವ ಕಾಲ ಬಂದಿದೆ. ಬಟ್ಟೆ ಹರಿಯದಿದ್ದರೂ ಅದರ ಆಯಸ್ಸು ಮುಗಿದಿದೆ.

ಒಗೆಯುವಾಗ ಹಿಂಡಿ ತಿರುಚಬೇಡಿ, ಎಲಾಸ್ಟಿಕ್ ಬೇಗ ಸಾಯುತ್ತದೆ. ಯಾರಿಗೂ ಕಾಣಬಾರದೆಂದು ಟವೆಲ್ಲಿನ ಕೆಳಗೆ ಬಚ್ಚಿಟ್ಟು ಒಣಗಿಸುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಮಳೆಗಾಲದಲ್ಲಿ, ಕರಾವಳಿ ಮಲೆನಾಡಿನಲ್ಲಿ ಹೀಗೆ ಮಾಡಿದರೆ ಬಟ್ಟೆ ಪೂರ್ತಿ ಒಣಗುವುದೇ ಇಲ್ಲ. ತೇವ ಉಳಿದ ಬ್ರಾ, ಬೆವರು, ಉಜ್ಜಾಟ ಸೇರಿದರೆ ಸ್ತನದ ಕೆಳಗಿನ ಮಡಿಕೆಯಲ್ಲಿ ಶಿಲೀಂಧ್ರ ಸೋಂಕು ಬರುತ್ತದೆ. ಗಾಳಿ ಬಿಸಿಲು ಆಡುವ ಕಡೆ ಹರವಿ. ಕೆಂಪಾಗಿ ತುರಿಸುತ್ತಿದ್ದರೆ ಸಿಕ್ಕ ಮುಲಾಮು ಹಚ್ಚದೆ ವೈದ್ಯರಿಗೆ ತೋರಿಸಿ.

ಅಳತೆ ಬದಲಾಗುತ್ತಲೇ ಇರುತ್ತದೆ

ಮದುವೆಯ ಹೊತ್ತಿಗೆ ಕೊಂಡ ಸೈಜನ್ನೇ ಹತ್ತು ವರ್ಷ ಕೇಳುವವರು ಬಹಳ. ತೂಕ ಏರಿಳಿದಾಗ, ಬಸಿರಿನಲ್ಲಿ, ಹಾಲುಣಿಸುವಾಗ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಅಳತೆ ಬದಲಾಗುತ್ತದೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಸ್ತನ ಸ್ವಲ್ಪ ಊದಿಕೊಳ್ಳುವುದರಿಂದ ಆ ದಿನಗಳಿಗೆ ಮೆತ್ತನೆಯ ಇನ್ನೊಂದು ಬ್ರಾ ಇರಲಿ. ವರ್ಷಕ್ಕೊಮ್ಮೆಯಾದರೂ ಅಳೆದು ನೋಡಿ.

ಬಾಣಂತಿಯರು ವಿಶೇಷ ಎಚ್ಚರ ವಹಿಸಬೇಕು. ಬಿಗಿ ಬ್ರಾ ಅಥವಾ ತಂತಿ ಒಂದೇ ಕಡೆ ಒತ್ತಿದರೆ ಅಲ್ಲಿ ಹಾಲು ಕಟ್ಟಿಕೊಂಡು ನೋವು, ಬಾವು ಬರಬಹುದು. ಮುಂದೆ ತೆರೆಯುವ, ಮೆತ್ತನೆಯ, ಉಸಿರಾಡಲು ಸಡಿಲವಾದ ಬ್ರಾ ಒಳ್ಳೆಯದು. ಸ್ತನ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅಂದೇ ವೈದ್ಯರನ್ನು ಕಾಣಿ.

ಬೆಳೆಯುತ್ತಿರುವ ಹೆಣ್ಣುಮಕ್ಕಳ ವಿಷಯವನ್ನು ನಾವು ಹೆಚ್ಚು ಮರೆಯುತ್ತೇವೆ. ಬ್ರಿಟನ್ನಿನಲ್ಲಿ 11ರಿಂದ 18 ವರ್ಷದ 2,089 ಶಾಲಾ ಬಾಲಕಿಯರನ್ನು ಕೇಳಿದ ಸಮೀಕ್ಷೆಯೊಂದು 2016ರಲ್ಲಿ ಪ್ರಕಟವಾಯಿತು. ತಮ್ಮ ಸ್ತನದ ಕಾರಣ ಆಟೋಟಕ್ಕೆ ಅಡ್ಡಿಯಾಗುತ್ತದೆ ಎಂದವರು 46 ಶೇಕಡಾ. ನಿಮ್ಮ ಮನೆಯ ಹುಡುಗಿ ಇದ್ದಕ್ಕಿದ್ದಂತೆ ಕಬಡ್ಡಿ, ಓಟ ಬಿಟ್ಟಿದ್ದರೆ ಸೋಮಾರಿತನ ಎಂದು ಬೈಯುವ ಮೊದಲು ಅವಳಿಗೆ ಸರಿಯಾದ ಸ್ಪೋರ್ಟ್ಸ್ ಬ್ರಾ ಇದೆಯೇ ಎಂದು ಅಮ್ಮನೋ ಅಕ್ಕನೋ ಒಮ್ಮೆ ಕೇಳಿ. ಆರು ತಿಂಗಳಿಗೆ ಅಳತೆ ಬದಲಾಗುವ ವಯಸ್ಸು ಅದು.

ಫಾರ್ವರ್ಡ್‌ಗಳು ಹೇಳುವುದು, ನಿಜ ಇರುವುದು

"ಬ್ರಾದಿಂದ ಕ್ಯಾನ್ಸರ್ ಬರುತ್ತದೆ." ಸುಳ್ಳು. ಅಮೆರಿಕದಲ್ಲಿ 1995ರಲ್ಲಿ ಬಂದ ಒಂದು ಪುಸ್ತಕದಿಂದ ಈ ಮಾತು ಹೆಚ್ಚು ಹರಡಿತು. ಬ್ರಾ ದುಗ್ಧರಸದ ಹರಿವನ್ನು ತಡೆದು ವಿಷ ಶೇಖರವಾಗುತ್ತದೆ ಎಂಬುದು ಅದರ ವಾದ. ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು ಸ್ತನ ಕ್ಯಾನ್ಸರ್ ಇದ್ದ 1,044 ಮತ್ತು ಇಲ್ಲದ 469 ಮಹಿಳೆಯರನ್ನು ಹೋಲಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ ಎಷ್ಟು ಗಂಟೆ ಬ್ರಾ ಹಾಕುತ್ತಾರೆ, ತಂತಿ ಇದೆಯೇ, ಯಾವ ವಯಸ್ಸಿನಲ್ಲಿ ಶುರು ಮಾಡಿದರು, ಕಪ್ ಎಷ್ಟು ಎಂದೆಲ್ಲ ಕೇಳಿದರು. ಯಾವುದಕ್ಕೂ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ಇನ್ನು ಕಪ್ಪು ಬಣ್ಣ ಬಿಸಿಲಿನಲ್ಲಿ ಹೆಚ್ಚು ಬಿಸಿಯಾಗುತ್ತದೆ ಎಂಬುದು ನಿಜ, ಆದರೆ ಬಟ್ಟೆಯ ಆ ಬಿಸಿಯಿಂದ ಸ್ತನ ಕ್ಯಾನ್ಸರ್ ಹುಟ್ಟುವುದಿಲ್ಲ. ಸೆಕೆ ಆಗಬಹುದು, ಅಷ್ಟೇ.

"ಬ್ರಾ ಹಾಕದಿದ್ದರೆ ಸ್ತನ ಜೋತು ಬೀಳುತ್ತದೆ." ಇದಕ್ಕೆ ಗಟ್ಟಿ ಪುರಾವೆಯಿಲ್ಲ. ವಯಸ್ಸು, ಬಸಿರುಗಳ ಸಂಖ್ಯೆ, ದೇಹದ ತೂಕ, ಧೂಮಪಾನ ಇವು ಮುಖ್ಯ ಕಾರಣಗಳು ಎಂದು ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಕರ ಅಧ್ಯಯನ ಹೇಳಿದೆ. ಅದೇ ಅಧ್ಯಯನದ ಪ್ರಕಾರ ಹಾಲುಣಿಸುವುದು ಕಾರಣವಲ್ಲ. ಈ ಭಯಕ್ಕೆ ಮಗುವಿಗೆ ಹಾಲು ಬಿಡಿಸಬೇಡಿ.

"ಬಿಗಿ ಬ್ರಾ ಹಾಕಿದರೆ ಆಕಾರ ಚೆನ್ನಾಗಿರುತ್ತದೆ." ಹಾಕಿದಷ್ಟು ಹೊತ್ತು ಆಕಾರ ಬೇರೆ ಕಾಣಬಹುದು. ತೆಗೆದ ಮೇಲೆ ಉಳಿಯುವುದು ಗೆರೆ ಮತ್ತು ನೋವು.

"ರಾತ್ರಿ ಹಾಕಬಾರದು." ಹಾಕಿದರೆ ರೋಗ ಬರುವುದಿಲ್ಲ, ಹಾಕದಿದ್ದರೆ ನಷ್ಟವಿಲ್ಲ. ಹಾಕುವುದಾದರೆ ತಂತಿ ಇಲ್ಲದ ಸಡಿಲ ಬ್ರಾ ಇರಲಿ.

"ನೂರಕ್ಕೆ 80 ಹೆಂಗಸರು ತಪ್ಪು ಸೈಜ್ ಹಾಕುತ್ತಾರೆ." ಜಾಹೀರಾತುಗಳಲ್ಲಿ ಇದು ಬಹಳ ಬರುತ್ತದೆ. 2008ರ ಒಂದು ಅಧ್ಯಯನದಲ್ಲಿ 80 ಶೇಕಡಾ ಎಂಬ ಅಂಕಿ ಇರುವುದು ನಿಜ, ಆದರೆ ಅದರಲ್ಲಿ ಇದ್ದವರು 30 ಯುವತಿಯರು ಮಾತ್ರ. ತಪ್ಪು ಅಳತೆ ಸಾಮಾನ್ಯ ಎನ್ನಬಹುದು, ಇಡೀ ಜಗತ್ತಿಗೆ ಆ ಅಂಕಿ ಹಚ್ಚಲಾಗದು.

ಸ್ತನ ನೋವಿಗೂ ಬ್ರಾಗೂ ನಂಟಿದೆಯೇ?

ಇದೆ. ಸೌದಿ ಅರೇಬಿಯಾದಲ್ಲಿ ಸ್ತನ ನೋವಿದ್ದ 200 ಮಹಿಳೆಯರಲ್ಲಿ ಕೆಲವರಿಗೆ ಮಾತ್ರೆ, ಕೆಲವರಿಗೆ ಸ್ಪೋರ್ಟ್ಸ್ ಬ್ರಾ ಕೊಟ್ಟು ನೋಡಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಮಾತ್ರೆಯಿಂದ 58 ಶೇಕಡಾ ಮಂದಿಗೆ, ಬ್ರಾದಿಂದ 85 ಶೇಕಡಾ ಮಂದಿಗೆ ನೋವು ತಗ್ಗಿತು. ಇದೊಂದೇ ಅಧ್ಯಯನದಿಂದ ಎಲ್ಲವನ್ನೂ ತೀರ್ಮಾನಿಸಲಾಗದು. ಆದರೂ ಸ್ತನ ನೋವು ಎಂದು ಬರುವವರಿಗೆ ಸರಿಯಾದ ಬ್ರಾ ಹಾಕಿ ನೋಡಿ ಎಂದು ವೈದ್ಯರು ಹೇಳುವುದು ಸುಮ್ಮನೆ ಅಲ್ಲ.

ವೈದ್ಯರ ಬಳಿ ಯಾವಾಗ?

ಸ್ತನ ಕ್ಯಾನ್ಸರ್ ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್. ಬ್ರಾದ ಬಣ್ಣಕ್ಕೆ ಹೆದರುವ ಗಮನವನ್ನು ಈ ಗುರುತುಗಳ ಕಡೆ ಕೊಡಿ:

- ಸ್ತನ ಅಥವಾ ಕಂಕುಳಲ್ಲಿ ಹೊಸ ಗಂಟು. ನೋವಿಲ್ಲದಿದ್ದರೂ ಸರಿ.
- ಚರ್ಮ ಗುಳಿ ಬಿದ್ದಂತೆ, ಕಿತ್ತಳೆ ಸಿಪ್ಪೆಯಂತೆ ಆಗುವುದು.
- ಮೊಲೆತೊಟ್ಟು ಹೊಸದಾಗಿ ಒಳಕ್ಕೆ ಸೇರುವುದು, ರಕ್ತ ಅಥವಾ ನೀರು ಸೋರುವುದು, ಮಾಯದ ಹುಣ್ಣು.
- ಒಂದೇ ಸ್ತನದ ಗಾತ್ರ, ಆಕಾರ ಬದಲಾಗುವುದು.

ಇಂಥ ಗಂಟುಗಳಲ್ಲಿ ಬಹಳಷ್ಟು ಕ್ಯಾನ್ಸರ್ ಅಲ್ಲ. ಆದರೆ ಅದನ್ನು ಹೇಳಬೇಕಾದವರು ವೈದ್ಯರು. 30 ವರ್ಷ ದಾಟಿದ ಮಹಿಳೆಯರ ಸ್ತನ ತಪಾಸಣೆ ಸರ್ಕಾರದ ಆರೋಗ್ಯ ಕಾರ್ಯಕ್ರಮದಲ್ಲೇ ಇದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ನಾಚಿಕೆಪಟ್ಟು ತಿಂಗಳುಗಟ್ಟಲೆ ಮುಚ್ಚಿಡುವುದೇ ನಿಜವಾದ ಅಪಾಯ.

ಹಂಚಿಕೊಳ್ಳುವುದಾದರೆ ಇದನ್ನು ಹಂಚಿ

ಪಟ್ಟಿ ಬೆನ್ನಿಗೆ ಏರಿದರೆ ಸಂಖ್ಯೆ ಇಳಿಸಿ, ಕಪ್ಪಿನ ಅಕ್ಷರ ಏರಿಸಿ. ಕಪ್ಪಿನಿಂದ ಉಕ್ಕಿದರೆ ಅಕ್ಷರ ಏರಿಸಿ. ಕಪ್ ಸುಕ್ಕಾದರೆ ಅಕ್ಷರ ಇಳಿಸಿ. ಭುಜದಲ್ಲಿ ಗುಂಡಿ ಬಿದ್ದರೆ ಮೊದಲು ಬೆನ್ನಿನ ಪಟ್ಟಿ ನೋಡಿ. ಬಣ್ಣ ಯಾವುದಾದರೂ ಇರಲಿ. ಗಂಟು ಕಂಡರೆ ವೈದ್ಯರಿಗೆ ತೋರಿಸಿ.